ದೂರದರ್ಶನದಲ್ಲಿ ಹಾಸ್ಯರಸ

ಅಳುವುದನ್ನು ಮನುಷ್ಯನಿಗೆ ಯಾರೂ ಕಲಿಸಬೇಕಾಗಿಲ್ಲ. ಹುಟ್ಟಿದ ಗಳಿಗೆಯಲ್ಲಿಯೇ ಅದು ಅವನ ಸಂಗಡ ಬಂದಿರುತ್ತದೆ. ನಗುವುದಕ್ಕೆ ಮಾತ್ರ ಎದುರಿಗೊಂದು ಮುಖ ಬೇಕು. ತೊಟ್ಟಿಲ ಕೂಸು ಮೊದಲು ನಗುವುದು ತನ್ನ ಮೇಲೆ ಬಾಗಿದ ತಾಯಿಯನ್ನು ಕಂಡು. ಆದುದರಿಂದ ನಗೆಯು ಒಬ್ಬೊಬ್ಬರ ಸೊತ್ತಲ್ಲ. ಅದು ಇಬ್ಬರ ನಡುವಿನದು, ಮನೆಯದು, ಕೇರಿಯದು. ಸಂಜೆ ದೀಪ ಹೊತ್ತಿದ ಮೇಲೆ ಮನೆಮಂದಿಯನ್ನೆಲ್ಲ ಒಂದೆಡೆ ಕೂಡಿಸಿ ನಗಿಸುವ ಕಾರ್ಯವನ್ನು ಈಗ್ಗೆ ನಲವತ್ತು ವರ್ಷಗಳಿಂದ ನಮ್ಮ ಸೀಮೆಯಲ್ಲಿ ಟೆಲಿವಿಷನ್ ಪೆಟ್ಟಿಗೆಯು ವಹಿಸಿಕೊಂಡಿದೆ. ಈ ಅವಧಿಯಲ್ಲಿ ಅದು ತೋರಿಸಿದ ಹಾಸ್ಯಪ್ರಸಂಗಗಳಿಗೆ ಲೆಕ್ಕವಿಲ್ಲ. ನೆನಪಿನಲ್ಲಿ ನಿಂತವು ಮಾತ್ರ ಬೆರಳೆಣಿಕೆಯವು. ನಿಂತವು ಯಾವುವು, ನಿಂತುದಕ್ಕೆ ಕಾರಣವೇನು, ಅವುಗಳಿಂದ ಗೃಹಸ್ಥರಾದ ನಾವು ಗ್ರಹಿಸತಕ್ಕದ್ದೇನು ಎಂಬುದನ್ನು ಹೊಸಪೇಟೆ, ಹಂಪೆ, ಸಂಡೂರು, ಕಂಪ್ಲಿಗಳ ಕಡೆಯವರ ಕಣ್ಣಿನಿಂದ ವಿಚಾರಮಾಡಿ ನೋಡುವುದು ಈ ಲೇಖನದ ಉದ್ದೇಶ.

ಆರು ಬಗೆಯ ನಗೆ

ಭರತಮುನಿಯು ನಾಟ್ಯಶಾಸ್ತ್ರದಲ್ಲಿ ನಗೆಯನ್ನು ಆರು ಬಗೆಯಾಗಿ ವಿಂಗಡಿಸಿದ್ದಾನೆ: ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ. ಹಲ್ಲು ಕಾಣದಂತೆ ಕೆನ್ನೆ ಮಾತ್ರ ಅರಳುವುದು ಸ್ಮಿತ. ಹಲ್ಲು ಸ್ವಲ್ಪ ತೋರಿದರೆ ಹಸಿತ. ಇವೆರಡೂ ಉತ್ತಮರ ನಗೆ. ಮೆಲುದನಿಯ ವಿಹಸಿತವೂ, ಮೂಗರಳಿಸಿ ತಲೆ ಬಾಗಿಸಿ ನಗುವ ಉಪಹಸಿತವೂ ಮಧ್ಯಮರವು. ಹೊತ್ತುಗೊತ್ತಿಲ್ಲದೆ ಕಣ್ಣಲ್ಲಿ ನೀರು ಬರುವಂತೆ ನಗುವುದು ಅಪಹಸಿತ, ಪಕ್ಕೆಗಳನ್ನು ಹಿಡಿದುಕೊಂಡು ಕಿವಿಗೆ ಕರ್ಕಶವಾಗುವಂತೆ ಅಬ್ಬರಿಸುವುದು ಅತಿಹಸಿತ, ಇವು ಅಧಮರವು. ನಗೆ ಹುಟ್ಟುವ ಕಾರಣಗಳನ್ನೂ ಮುನಿಯು ಎಣಿಸಿದ್ದಾನೆ: ವಿಕಾರವಾದ ವೇಷ, ಸಲ್ಲದ ಅಲಂಕಾರ, ಉದ್ಧಟತನ, ಚಪಲತೆ, ಅಸಂಬದ್ಧವಾದ ಮಾತು, ಅಂಗವೈಕಲ್ಯದ ದರ್ಶನ, ಪರರ ದೋಷವನ್ನು ಎತ್ತಿ ಆಡುವುದು. ಈ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಇಂದಿನ ಯಾವುದೇ ಹಾಸ್ಯಕಾರ್ಯಕ್ರಮವನ್ನು ಅರ್ಧ ಘಂಟೆ ನೋಡಿದರೆ, ಮುನಿಯು ಬಿಟ್ಟುದು ಏನೂ ಇಲ್ಲವೆಂದು ತಿಳಿಯುತ್ತದೆ.

ಸಂಸ್ಕೃತ ನಾಟಕಗಳ ಇನ್ನೊಂದು ಕಟ್ಟಳೆಯನ್ನೂ ಇಲ್ಲಿ ನೆನೆಯಬೇಕು. ರಾಜನು ಸಂಸ್ಕೃತವನ್ನಾಡುತ್ತಾನೆ, ಅವನ ಮಗ್ಗುಲಲ್ಲಿಯೇ ಇರುವ ವಿದೂಷಕನು, ಹುಟ್ಟಿನಿಂದ ಬ್ರಾಹ್ಮಣನಾದರೂ, ಪ್ರಾಕೃತವನ್ನಾಡುತ್ತಾನೆ. ಅಂದರೆ ಹಾಸ್ಯವು ಬೀದಿಯ ಮಾತಿನಲ್ಲಿ, ಅಡಿಗೆಮನೆಯ ಮಾತಿನಲ್ಲಿ ಹುಟ್ಟತಕ್ಕದ್ದೆಂದು ನಮ್ಮ ಹಿರಿಯರು ಕಂಡುಕೊಂಡಿದ್ದರು. ಆದರೆ ಗಮನಿಸಿ: ವಿದೂಷಕನು ಬರಿಯ ನಗೆಪಾಟಲಿನ ವಸ್ತುವಲ್ಲ. ಅರಸನಿಗೆ ಯಾರೂ ಹೇಳಲಾರದ ನಿಜವನ್ನು ಆ ಪ್ರಾಕೃತದಲ್ಲಿಯೇ ಅವನು ಹೇಳಿಬಿಡುತ್ತಾನೆ. ಮನೆಮಾತನ್ನಾಡುವವನು ನಗಿಸುವವನೋ, ಇಲ್ಲವೆ ನಗೆಗೆ ಈಡಾದವನೋ ಎಂಬ ಈ ಒಂದು ಪ್ರಶ್ನೆಯು ಮುಂದೆ ನಮಗೆ ಬಹಳ ಉಪಯೋಗಕ್ಕೆ ಬರುತ್ತದೆ.

ಪೆಟ್ಟಿಗೆಗೆ ಮುಂಚೆ

ವಿವಿಧ ವಿನೋದಾವಳಿಯೆಂಬುದು ನಮ್ಮ ಸೀಮೆಗೆ ಹೊಸದಲ್ಲ. ಹಂಪೆಯ ಮಹಾನವಮಿ ದಿಬ್ಬದ ಮುಂದೆ ನಿಂತವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ೧೪೪೩ರಲ್ಲಿ ಪಾರಸಿಕ ದೇಶದ ರಾಯಭಾರಿ ಅಬ್ದುರ್ ರಜಾಕನು ವಿಜಯನಗರದ ಉತ್ಸವವನ್ನು ಕಂಡು, ಗಾಯಕರು, ನರ್ತಕಿಯರು, ಕಣ್ಕಟ್ಟಿನವರು, ವಾದ್ಯದ ತಾಳಕ್ಕೆ ಸರಿಯಾಗಿ ಸೊಂಡಿಲಾಡಿಸುವ ಆನೆಗಳು ಮೊದಲಾದುವನ್ನು ಬೆರಗಿನಿಂದ ಬರೆದಿಟ್ಟಿದ್ದಾನೆ. ಸುಮಾರು ೧೫೨೦ರಲ್ಲಿ ಬಂದ ಪೋರ್ತುಗೀಸ ಡೊಮಿಂಗೋ ಪಾಯೆಸನು ಅದೇ ಹಬ್ಬದ ಮಲ್ಲಯುದ್ಧ, ನೃತ್ಯ, ಬಾಣಬಿರುಸುಗಳನ್ನು ವರ್ಣಿಸಿದ್ದಾನೆ. ಒಂದಾದ ಮೇಲೊಂದು ಬಗೆಬಗೆಯ ಆಟ, ನೋಡುವುದಕ್ಕೆ ಕಿಕ್ಕಿರಿದ ಜನ. ಇಂದಿನ ದೂರದರ್ಶನದ ವಿನೋದಮೇಳಗಳ ಕ್ರಮವೂ ಇದೇ.

ಇನ್ನು ಹಳ್ಳಿಗಳಲ್ಲಿ ತೊಗಲುಗೊಂಬೆಯ ಆಟವಿದ್ದಿತು. ಬಿಳಿಯ ಪರದೆ, ಅದರ ಹಿಂದೆ ದೀಪ, ದೀಪಕ್ಕೂ ಪರದೆಗೂ ನಡುವೆ ಬಣ್ಣದ ತೊಗಲ ಗೊಂಬೆಗಳು. ಬೆಳಕಿನ ಪರದೆಯನ್ನು ನೋಡುತ್ತ ಊರೆಲ್ಲ ಒಂದೆಡೆ ಕೂಡುವ ಅಭ್ಯಾಸವು ನಮಗೆ ಪೆಟ್ಟಿಗೆಯಿಂದ ಬಂದುದಲ್ಲವೆಂಬುದಕ್ಕೆ ಇದೇ ಸಾಕ್ಷಿ. ರಾಮಾಯಣದ ಘನವಾದ ಪ್ರಸಂಗಗಳ ನಡುನಡುವೆ ಡೊಳ್ಳುಹೊಟ್ಟೆಯ ಕಿಳ್ಳೇಕ್ಯಾತನೂ ಅವನ ಹೆಂಡತಿ ಬಂಗಾರಕ್ಕನೂ ಪರದೆಯ ಮೇಲೆ ಹಾರಿ ಬೀಳುವರು. ರಾಮನು ಗ್ರಾಂಥಿಕವಾಗಿ ನುಡಿಯುವನು. ಇವರಿಬ್ಬರು ಮಾತ್ರ ಆಯಾ ಊರಿನ ಮಾತಿನಲ್ಲಿ ಜಗಳವಾಡಿ, ಊರ ಗೌಡನನ್ನೂ ಸಾಹುಕಾರನನ್ನೂ ಚುಚ್ಚಿ, ಮಲಗಿದ್ದ ಮಕ್ಕಳನ್ನು ಎಬ್ಬಿಸುವರು. ಈ ಕಲೆಯನ್ನು ನಮ್ಮ ಕಾಲಕ್ಕೆ ಉಳಿಸಿ ಬೆಳೆಸಿದವರಲ್ಲಿ ಬಳ್ಳಾರಿಯ ದಿವಂಗತ ಬೆಳಗಲ್ಲು ವೀರಣ್ಣನವರು ಪ್ರಮುಖರು. ಸಂಸ್ಕೃತದ ವಿದೂಷಕನಿಗೂ ಕಿಳ್ಳೇಕ್ಯಾತನಿಗೂ ಇರುವ ಸಂಬಂಧವನ್ನು ಪಂಡಿತರು ನಿರ್ಣಯಿಸಲಿ; ಇಬ್ಬರೂ ಮನೆಮಾತಿನ ಮಕ್ಕಳೆಂಬುದರಲ್ಲಿ ಸಂಶಯವಿಲ್ಲ.

ಪೆಟ್ಟಿಗೆ ಬಂದ ಬಗೆ

ಭಾರತದಲ್ಲಿ ದೂರದರ್ಶನವು ೧೯೫೯ರ ಸೆಪ್ಟೆಂಬರ್ ೧೫ರಂದು ದಿಲ್ಲಿಯಲ್ಲಿ ಆರಂಭವಾಯಿತು. ಬೆಂಗಳೂರಿಗೆ ಅದರ ಕೇಂದ್ರ ಬಂದುದು ೧೯೮೧ರಲ್ಲಿ. ಆದರೆ ಬೆಂಗಳೂರಿಗಿಂತ ಮುಂಚೆಯೇ ನಮ್ಮ ನೆರೆಯವರು ಅದನ್ನು ಕಂಡಿದ್ದರೆಂಬುದು ಇಂದಿನ ತರುಣರಿಗೆ ಸೋಜಿಗವಾಗಬಹುದು. ೧೯೭೫ರ ಆಗಸ್ಟಿನಿಂದ ೧೯೭೬ರ ಜುಲೈವರೆಗೆ ಒಂದು ವರ್ಷ ಕಾಲ, ಅಮೆರಿಕದ ಒಂದು ಉಪಗ್ರಹದ ಸಹಾಯದಿಂದ, ಆರು ರಾಜ್ಯಗಳ ೨,೪೦೦ ಹಳ್ಳಿಗಳಿಗೆ ಟೆಲಿವಿಷನ್ ತೋರಿಸುವ ಪ್ರಯೋಗವು ನಡೆಯಿತು. ಕರ್ನಾಟಕದಲ್ಲಿ ಅದಕ್ಕಾಗಿ ಆರಿಸಲ್ಪಟ್ಟವು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು. ಕಂಪ್ಲಿಯು ತುಂಗಭದ್ರೆಯ ಈಚೆಯ ದಡದಲ್ಲಿ ಬಳ್ಳಾರಿ ಜಿಲ್ಲೆಗೆ ಸೇರಿದ್ದರೆ, ಹೊಳೆಯ ಆಚೆಯ ಗಂಗಾವತಿಯ ಕಡೆಯು ಆಗ ರಾಯಚೂರು ಜಿಲ್ಲೆಯಾಗಿದ್ದಿತು. ಹೀಗೆ ಒಂದು ಸೇತುವೆಯ ಅಂತರದಲ್ಲಿ, ಆ ಜಿಲ್ಲೆಯ ಆಯ್ದ ಹಳ್ಳಿಗಳವರು ಚಾವಡಿಯ ಪೆಟ್ಟಿಗೆಯ ಮುಂದೆ ಕುಳಿತು ಬೇಸಾಯದ ಬುದ್ಧಿಮಾತನ್ನೂ ನಡುನಡುವೆ ಆಟಪಾಟಗಳನ್ನೂ ನೋಡುತ್ತಿದ್ದ ಕಾಲದಲ್ಲಿ, ಈಚೆಯವರು ಬಯಲಾಟದಲ್ಲಿಯೇ ತೃಪ್ತರಾಗಿದ್ದರು.

೧೯೮೨ರಲ್ಲಿ ಬಣ್ಣ ಬಂದಿತು. ೧೯೮೪ರಿಂದೀಚೆಗೆ ಸಣ್ಣ ಪ್ರಸಾರಕೇಂದ್ರಗಳು ದೇಶದ ತುಂಬ ಏಳತೊಡಗಿದ ಮೇಲೆ, ನಮ್ಮ ಊರುಗಳ ಮಾಳಿಗೆಗಳ ಮೇಲೆಯೂ ಮೀನಿನ ಮುಳ್ಳಿನಂಥ ಆಂಟೆನಾಗಳು ತಲೆಯೆತ್ತಿದುವು. ಹತ್ತು ಮನೆಗೆ ಒಂದು ಪೆಟ್ಟಿಗೆ. ಮನೆಯೊಡತಿಯು ಸಂಜೆಗೇ ಪಡಸಾಲೆ ಗುಡಿಸಿ ಚಾಪೆ ಹಾಸುವಳು, ಒಬ್ಬ ಹುಡುಗನು ಮಾಳಿಗೆ ಹತ್ತಿ ಕೊಳವೆಯನ್ನು ತಿರುಗಿಸುವನು, ಕೆಳಗಿನಿಂದ ಇನ್ನೊಬ್ಬನು “ಬಂತು, ಬಂತು, ಹೋತು!” ಎಂದು ಕೂಗುವನು. ಎಷ್ಟೋ ಮನೆಗಳಲ್ಲಿ ಆ ದಿನದ ಮೊದಲನೆಯ ಹಾಸ್ಯಪ್ರಸಂಗವು ಇದೇ ಆಗಿರುತ್ತಿದ್ದಿತು.

ಆಗ ರಾತ್ರಿಯ ರಾಷ್ಟ್ರೀಯ ಕಾರ್ಯಕ್ರಮವೆಲ್ಲ ಹಿಂದಿಯಲ್ಲಿ. ೧೯೮೪ರಲ್ಲಿ ಆರಂಭವಾದ ‘ಯೇ ಜೋ ಹೈ ಜಿಂದಗಿ’ ಎಂಬ ವಿನೋದಮಾಲೆಯನ್ನು ಹಿಂದಿಯ ಗಂಧವಿಲ್ಲದ ನಮ್ಮ ತಾಯಂದಿರೂ ನೋಡಿ ನಗುತ್ತಿದ್ದರು. ಅದರಲ್ಲಿ ಸತೀಶ್ ಶಾಹ ಎಂಬ ನಟರು ಕಂತಿಗೊಂದು ಹೊಸ ವೇಷದಿಂದ ಬರುತ್ತಿದ್ದರು. ಇವತ್ತು ಯಾವ ಅವತಾರವೋ ಎಂದು ಕಾಯುವುದೇ ಅರ್ಧ ಆನಂದ. ಕಂಪನಿ ನಾಟಕಗಳಲ್ಲಿ ಒಬ್ಬನೇ ನಟನು ನಾಲ್ಕು ವೇಷ ಕಟ್ಟುವುದನ್ನು ಕಂಡವರಿಗೆ ಇದು ಬೇಗ ಒಗ್ಗಿತು. ಭರತನು ವೇಷವನ್ನು ನಗೆಯ ಕಾರಣಗಳಲ್ಲಿ ಮೊದಲಿಗಿಟ್ಟುದು ಸುಮ್ಮನೆ ಅಲ್ಲ. ಭಾಷೆ ಬಾರದವನನ್ನೂ ಅದು ಮುಟ್ಟುತ್ತದೆ.

ಸ್ವಾಮಿಯ ಒಂದು ರಾತ್ರಿ

ಆ ಕಾಲದ ಪ್ರಸಂಗಗಳಲ್ಲಿ ಒಂದನ್ನೇ ಆರಿಸೆಂದರೆ ನಾವು ‘ಮಾಲ್ಗುಡಿ ಡೇಸ್’ ಮಾಲೆಯ ‘ಎ ಹೀರೋ’ ಎಂಬುದನ್ನು ಆರಿಸುವೆವು. ಆರ್. ಕೆ. ನಾರಾಯಣರ ಕಥೆಗಳನ್ನು ಶಂಕರನಾಗ್ ಅವರು ನಿರ್ದೇಶಿಸಿ, ಆಗುಂಬೆಯಲ್ಲಿ ಚಿತ್ರೀಕರಿಸಿದ ಈ ಮಾಲೆಯು ೧೯೮೬ರಲ್ಲಿ ಪ್ರಸಾರವಾಗತೊಡಗಿತು. ಆರಂಭದ ರೇಖಾಚಿತ್ರಗಳು ನಾರಾಯಣರ ತಮ್ಮ, ಮೈಸೂರಿನಲ್ಲಿ ಹುಟ್ಟಿದ ವ್ಯಂಗ್ಯಚಿತ್ರಕಾರ ಆರ್. ಕೆ. ಲಕ್ಷ್ಮಣರವು, ಸಂಗೀತ ಎಲ್. ವೈದ್ಯನಾಥನ್ ಅವರದು. ಬಾಲಕ ಸ್ವಾಮಿಯಾಗಿ ಮಾಸ್ಟರ್ ಮಂಜುನಾಥನೂ, ತಂದೆಯಾಗಿ ಗಿರೀಶ ಕಾರ್ನಾಡರೂ, ತಾಯಿಯಾಗಿ ವೈಶಾಲಿ ಕಾಸರವಳ್ಳಿಯವರೂ ಅಭಿನಯಿಸಿದ್ದರು. ಮಾತು ಹಿಂದಿಯದಾದರೂ ಮುಖಗಳು ನಮ್ಮವು, ಜಗುಲಿ ನಮ್ಮದು, ಮಳೆ ನಮ್ಮದು.

ಕಥೆ ಇಷ್ಟೆ. ಹುಲಿಯೊಡನೆ ಹೋರಾಡಿದ ಒಬ್ಬ ಹುಡುಗನ ಸಮಾಚಾರವನ್ನು ಪತ್ರಿಕೆಯಲ್ಲಿ ಓದಿದ ತಂದೆಯು, ಧೈರ್ಯವೊಂದಿದ್ದರೆ ಏನನ್ನು ಬೇಕಾದರೂ ಸಾಧಿಸಬಹುದೆಂದು ಮಗನಿಗೆ ಉಪದೇಶಿಸುತ್ತಾನೆ. ಮಗನು ಒಪ್ಪುವುದಿಲ್ಲ. ಹಾಗಾದರೆ ಇಂದು ರಾತ್ರಿ ಅಜ್ಜಿಯ ಮಗ್ಗುಲು ಬಿಟ್ಟು ನನ್ನ ಕಛೇರಿಯ ಕೋಣೆಯಲ್ಲಿ ಒಬ್ಬನೇ ಮಲಗು ಎಂದು ತಂದೆಯ ಆಜ್ಞೆ. ಕತ್ತಲಲ್ಲಿ ಏನೋ ಸರಿದಾಡುತ್ತದೆ. ದೆವ್ವವೇ ಬಂದಿತೆಂದು ಹೆದರಿದ ಸ್ವಾಮಿಯು ಕಣ್ಣುಮುಚ್ಚಿ ಅದರ ಕಾಲನ್ನು ಕಚ್ಚಿ ಹಿಡಿಯುತ್ತಾನೆ. ಕಿರುಚಿಕೊಂಡುದು ಮಾತ್ರ ಒಬ್ಬ ಕಳ್ಳ! ಬೆಳಗಾಗುವಷ್ಟರಲ್ಲಿ ಸ್ವಾಮಿಯು ಊರಿಗೆ ವೀರ. ಮಾರನೆಯ ರಾತ್ರಿ ಆ ವೀರನು ಮೊದಲಿನಂತೆಯೇ ಅಜ್ಜಿಯ ಹಾಸಿಗೆಯಲ್ಲಿ.

ಇದರಲ್ಲಿ ಯಾರನ್ನು ನೋಡಿ ನಗುತ್ತೇವೆ? ಹೆದರಿದ ಹುಡುಗನನ್ನೋ? ಅಲ್ಲ, ಆ ಹುಡುಗನು ನಾವೇ ಆಗಿದ್ದೆವು. ಉಪದೇಶಮಾಡಿದ ತಂದೆಯನ್ನೋ? ಪಡಸಾಲೆಯಲ್ಲಿ ಕುಳಿತಿದ್ದ ತಂದೆಗಳೆಲ್ಲ ಆ ಉಪದೇಶವನ್ನು ಹಿಂದಿನ ದಿನವಷ್ಟೇ ಮಾಡಿದ್ದರು. ಹೀಗೆ ಮಕ್ಕಳು ತಂದೆಯ ಕಡೆಗೆ ಓರೆಗಣ್ಣಿನಿಂದ ನೋಡಿ ನಕ್ಕರು; ತಂದೆಯು ಕೆಮ್ಮಿ ನಕ್ಕನು; ಮೂಲೆಯಲ್ಲಿದ್ದ ಅಜ್ಜಿಯು ಗೆದ್ದವಳಂತೆ ನಕ್ಕಳು. ಹಲ್ಲು ತೋರದ ಸ್ಮಿತವೆಂದು ಭರತನು ಹೇಳಿದ್ದು ಇದನ್ನೇ. ಯಾರೂ ನೋಯಲಿಲ್ಲ; ಎಲ್ಲರೂ ಸ್ವಲ್ಪ ಸ್ವಲ್ಪ ಸಿಕ್ಕಿಬಿದ್ದರು. ನಲವತ್ತು ವರ್ಷಗಳ ಮೇಲೆಯೂ ಈ ಪ್ರಸಂಗವು ಉಳಿದಿರುವುದು ಆ ಕಾರಣದಿಂದ.

ಅದೇ ನಾರಾಯಣರ ಇನ್ನೊಂದು ಕಥೆಯಲ್ಲಿ, ಇಂಗ್ಲಿಷ್ ಬಾರದ ಆಡು ಕಾಯುವ ಮುದುಕನೂ, ತಮಿಳು ಬಾರದ ಅಮೆರಿಕದ ಪ್ರವಾಸಿಯೂ ಊರ ಹೊರಗಿನ ಮಣ್ಣಿನ ಕುದುರೆಯ ಕೆಳಗೆ ಕುಳಿತು ಬಹಳ ಹೊತ್ತು ಸಂಭಾಷಿಸುತ್ತಾರೆ. ಪ್ರವಾಸಿಯು ಕುದುರೆಯ ವಿಗ್ರಹವನ್ನು ಕೊಂಡೆನೆಂದು ಹಣ ಕೊಡುತ್ತಾನೆ. ಮುದುಕನು ತನ್ನ ಎರಡು ಆಡುಗಳನ್ನು ಮಾರಿದೆನೆಂದು ಹಿಗ್ಗಿ ಮನೆಗೆ ಹೋಗುತ್ತಾನೆ. ಹಂಪೆಯ ರಥಬೀದಿಯಲ್ಲಿ ಓಡಾಡಿದವರು ಇಂಥ ವ್ಯಾಪಾರವನ್ನು ಕಣ್ಣಾರೆ ಕಂಡಿರುತ್ತಾರೆ. ಇಲ್ಲಿ ಇಬ್ಬರ ಅಜ್ಞಾನವೂ ಸಮಾನ; ಒಬ್ಬನ ಮಾತು ಮೇಲು, ಇನ್ನೊಬ್ಬನದು ಕೀಳೆಂಬ ಎಣಿಕೆಯಿಲ್ಲ. ಆದುದರಿಂದಲೇ ನಗೆಯು ಶುದ್ಧವಾಗಿದೆ.

ಹಂಪೆಯ ನಗೆ

ಹಂಪೆಯೆಂದೊಡನೆ ನಮಗೆ ೧೫೬೫ರ ಯುದ್ಧವೂ ಮುರಿದ ಕಂಬಗಳೂ ನೆನಪಿಗೆ ಬಂದು ಮನಸ್ಸು ಕುಗ್ಗುತ್ತದೆ. ಆ ಕಲ್ಲುಗಳ ನಡುವೆ ಒಂದು ಕಾಲಕ್ಕೆ ನಗೆಯೂ ಇದ್ದಿತೆಂಬುದನ್ನು ನೆನಪಿಸಿಕೊಟ್ಟುದು ೧೯೯೦ರಲ್ಲಿ ದೂರದರ್ಶನದಲ್ಲಿ ಬಂದ ‘ತೆನಾಲಿ ರಾಮ’ ಎಂಬ ಮಾಲೆ. ಅದನ್ನು ನಿರ್ದೇಶಿಸಿದವರು ಕನ್ನಡಿಗರಾದ ಟಿ. ಎಸ್. ನಾಗಾಭರಣರು, ರಾಮನ ಪಾತ್ರದಲ್ಲಿ ವಿಜಯ್ ಕಶ್ಯಪ್. ಮುಂದೆ ೨೦೧೭ರಿಂದ ಇನ್ನೊಂದು ವಾಹಿನಿಯಲ್ಲಿ ಅದೇ ಹೆಸರಿನ ಬೇರೊಂದು ಮಾಲೆಯೂ ಬಂದಿತು.

ತೆನಾಲಿ ರಾಮಕೃಷ್ಣನು ತೆಲುಗಿನಲ್ಲಿ ಪಾಂಡುರಂಗ ಮಾಹಾತ್ಮ್ಯವನ್ನು ಬರೆದ ಕವಿಯೆಂಬುದು ಸಾಹಿತ್ಯಚರಿತ್ರೆಯ ಮಾತು. ಕೃಷ್ಣದೇವರಾಯನ ಆಸ್ಥಾನದಲ್ಲಿ ಅವನು ಮಾಡಿದನೆಂಬ ಚೇಷ್ಟೆಗಳು ಜನರ ಬಾಯಿಯ ಮಾತು. ಚರಿತ್ರೆಯವರು ಎರಡನ್ನೂ ಬೇರೆ ಮಾಡುತ್ತಾರೆ, ಅಜ್ಜಿಯರು ಮಾಡುವುದಿಲ್ಲ. ಹಾಲು ಕಂಡರೆ ಓಡುವ ಬೆಕ್ಕಿನ ಕಥೆಯನ್ನು ಕೇಳದ ಮಗುವು ನಮ್ಮಲ್ಲಿಲ್ಲ. ಬೆಕ್ಕು ಸಾಕುವುದಕ್ಕೆಂದು ಅರಸನು ಮನೆಮನೆಗೆ ಬೆಕ್ಕನ್ನೂ ಹಸುವನ್ನೂ ಕೊಟ್ಟನು. ರಾಮಕೃಷ್ಣನು ಮೊದಲ ದಿನವೇ ಬೆಕ್ಕಿಗೆ ಕುದಿಯುವ ಹಾಲಿಟ್ಟನು. ಮೂತಿ ಸುಟ್ಟುಕೊಂಡ ಬೆಕ್ಕು ಮತ್ತೆ ಹಾಲಿನ ಹತ್ತಿರ ಸುಳಿಯಲಿಲ್ಲ. ಹಾಲನ್ನೆಲ್ಲ ಮನೆಯವರು ಕುಡಿದರು. ಅರಮನೆಯ ದಾನವು ಬಡವನ ಮಕ್ಕಳಿಗಲ್ಲದೆ ಬೆಕ್ಕಿಗೆ ಹೋಗುವ ವಿಪರೀತವನ್ನು ಒಂದು ಬೆಕ್ಕಿನಿಂದಲೇ ಅರಸನಿಗೆ ತಿಳಿಸಿದನು. ವಿದೂಷಕನ ಕೆಲಸವೆಂದರೆ ಇದು. ನಗಿಸುವವನು ಕೆಳಗೆ ನಿಂತಿದ್ದಾನೆ, ಅವನ ಮಾತಿನ ಬಾಣವು ಮೇಲಕ್ಕೆ ಹೋಗುತ್ತದೆ. ಬಾಣವು ಕೆಳಕ್ಕೆ ಇಳಿಯತೊಡಗಿದರೆ ಅದು ಹಾಸ್ಯವಲ್ಲ, ಹಿಂಸೆ.

ಮಿಠಾಯಿಯ ಪಟ್ಟಿ

ಹೊರದೇಶದ ಪ್ರಸಂಗವೊಂದನ್ನೂ ಇಲ್ಲಿ ಹೇಳಬೇಕು. ಅಮೆರಿಕದಲ್ಲಿ ‘ಐ ಲವ್ ಲೂಸಿ’ ಎಂಬ ಮಾಲೆಯ ಒಂದು ಕಂತು ೧೯೫೨ರ ಸೆಪ್ಟೆಂಬರಿನಲ್ಲಿ ಪ್ರಸಾರವಾಯಿತು. ಮನೆಗೆಲಸ ಹೆಚ್ಚೋ, ಹೊರಗಿನ ದುಡಿಮೆ ಹೆಚ್ಚೋ ಎಂದು ಗಂಡಹೆಂಡಿರಲ್ಲಿ ವಾದ ಹುಟ್ಟಿ, ಗಂಡಸರು ಅಡಿಗೆಗೆ ನಿಲ್ಲುತ್ತಾರೆ. ಲೂಸಿಯೂ ಅವಳ ಗೆಳತಿಯೂ ಮಿಠಾಯಿಯ ಕಾರ್ಖಾನೆಗೆ ಹೋಗುತ್ತಾರೆ. ಚಲಿಸುವ ಪಟ್ಟಿಯ ಮೇಲೆ ಬರುವ ಚಾಕೊಲೇಟುಗಳಿಗೆ ಕಾಗದ ಸುತ್ತುವುದು ಅವರ ಕೆಲಸ. ಒಂದು ತಪ್ಪಿದರೂ ಕೆಲಸ ಹೋಗುತ್ತದೆಂದು ಮೇಲ್ವಿಚಾರಕಿಯ ಎಚ್ಚರಿಕೆ. ಪಟ್ಟಿಯು ಮೊದಲು ಮೆಲ್ಲಗೆ, ಆಮೇಲೆ ಬೇಗ ಬೇಗ. ಸುತ್ತಲಾರದ ಮಿಠಾಯಿಗಳು ಬಾಯಿಗೆ, ಟೊಪ್ಪಿಗೆಗೆ, ರವಿಕೆಗೆ ಹೋಗುತ್ತವೆ. ಮೇಲ್ವಿಚಾರಕಿ ಬಂದು ನೋಡಿ, ಎಲ್ಲವೂ ಸರಿಯಾಗಿದೆಯೆಂದು ಮೆಚ್ಚಿ, ಪಟ್ಟಿಯನ್ನು ಇನ್ನೂ ಬೇಗ ಓಡಿಸಲು ಆಜ್ಞಾಪಿಸುತ್ತಾಳೆ! ಅತ್ತ ಮನೆಯಲ್ಲಿ ಗಂಡಸರು ಬೇಯಿಸಿದ ಅನ್ನವು ಪಾತ್ರೆಯಿಂದ ಉಕ್ಕಿ ಒಲೆಯನ್ನೆಲ್ಲ ಮುಳುಗಿಸಿರುತ್ತದೆ.

ಸಂಡೂರಿನ ಕಡೆಯವರಿಗೆ ಚಲಿಸುವ ಪಟ್ಟಿಯೆಂದರೇನೆಂದು ವಿವರಿಸಬೇಕಾಗಿಲ್ಲ. ದೋಣಿಮಲೆಯ ಗಣಿಯಿಂದ ಕಬ್ಬಿಣದ ಅದಿರು ಇಳಿಯುವುದೇ ಅಂಥ ಪಟ್ಟಿಯ ಮೇಲೆ. ಯಂತ್ರಕ್ಕೆ ಆಯಾಸವಿಲ್ಲ, ಮನುಷ್ಯನಿಗೆ ಇದೆ. ಚೆನ್ನಾಗಿ ದುಡಿದವನಿಗೆ ಬಹುಮಾನವಾಗಿ ಸಿಕ್ಕುವುದು ಹೆಚ್ಚಿನ ದುಡಿಮೆ. ಅಮೆರಿಕದ ಒಬ್ಬ ಹೆಂಗಸು ಎಪ್ಪತ್ತು ವರ್ಷಗಳ ಹಿಂದೆ ಬಾಯಿತುಂಬ ಮಿಠಾಯಿ ತುಂಬಿಕೊಂಡು ತೋರಿಸಿದ ಈ ಸತ್ಯವನ್ನು ಸಂಡೂರಿನ ಕೂಲಿಯೂ ನಕ್ಕು ಒಪ್ಪುತ್ತಾನೆ. ಅನ್ನ ಉಕ್ಕುವ ಭಾಗವನ್ನು ನಮ್ಮ ಮನೆಯ ಹೆಂಗಸರಿಗೆ ತೋರಿಸಿದಾಗ ಅವರು ನಕ್ಕ ನಗೆಯಲ್ಲಿ ಸ್ಮಿತಕ್ಕಿಂತ ಹೆಚ್ಚಿನದೇನೋ ಇದ್ದಿತೆಂಬುದನ್ನು ಮಾತ್ರ ಸೂಚಿಸಿ ಮುಂದೆ ಹೋಗುವೆವು.

ಕನ್ನಡದ ವಾಹಿನಿಗಳು

ಬೆಂಗಳೂರು ದೂರದರ್ಶನದ ಕಾಲದಲ್ಲಿ ರಮೇಶ ಭಟ್ಟರು ಮುಖ್ಯ ಪಾತ್ರವಹಿಸಿದ ‘ಕ್ರೇಜಿ ಕರ್ನಲ್’ ಕನ್ನಡ ಕುಟುಂಬಗಳನ್ನು ನಗಿಸಿತು. ೧೯೯೪ರಲ್ಲಿ ಉದಯ, ೨೦೦೦ದ ಕೊನೆಗೆ ಈಟಿವಿ ಕನ್ನಡ ಮೊದಲಾದ ಖಾಸಗಿ ವಾಹಿನಿಗಳು ಬಂದ ಮೇಲೆ ಹಾಸ್ಯವು ದಿನಬಳಕೆಯ ಪದಾರ್ಥವಾಯಿತು. ಈಟಿವಿಯ ಮಾಲೆಗಳಲ್ಲಿ ಸಿಹಿಕಹಿ ಚಂದ್ರು ಅವರ ‘ಪಾಪ ಪಾಂಡು’, ವಿಜಯಪ್ರಸಾದರ ‘ಸಿಲ್ಲಿ ಲಲ್ಲಿ’ ಎಂಬಿವು ಮನೆಮಾತಾದುವು. ಹೆಂಡತಿಗೆ ಹೆದರುವ ಪಾಂಡುವಿನಲ್ಲಿ ನಾವು ಕಂಡುದು ಬಂಗಾರಕ್ಕನ ಗಂಡ ಕಿಳ್ಳೇಕ್ಯಾತನನ್ನೇ. ತೊಗಲಿನ ಪರದೆಯಿಂದ ಗಾಜಿನ ಪರದೆಗೆ ಅವನು ಸಂಸಾರ ಸಮೇತನಾಗಿ ಬಂದು ನೆಲೆಸಿದ್ದನು. ‘ಸಿಲ್ಲಿ ಲಲ್ಲಿ’ಯಲ್ಲಿ ರವಿಶಂಕರ ಗೌಡರು ಅಭಿನಯಿಸಿದ ಡಾಕ್ಟರ್ ವಿಠಲರಾಯರು ತಾವು ಕರ್ನಾಟಕದೊಳಗೆ ಜಗದ್ವಿಖ್ಯಾತರೆಂದು ಹೇಳಿಕೊಳ್ಳುತ್ತಿದ್ದರು. ಊರೊಳಗೆ ಜಗದ್ವಿಖ್ಯಾತರಾದವರು ಪ್ರತಿ ಊರಿನಲ್ಲಿಯೂ ಇಬ್ಬರು ಮೂವರಾದರೂ ಇರುವುದರಿಂದ, ಆ ಒಂದು ಮಾತು ಮಕ್ಕಳ ಬಾಯಲ್ಲಿ ವರ್ಷಗಟ್ಟಲೆ ನಿಂತಿತು. ೨೦೧೬ರಲ್ಲಿ ಜೀ ಕನ್ನಡದಲ್ಲಿ ಆರಂಭವಾದ ‘ಕಾಮಿಡಿ ಕಿಲಾಡಿಗಳು’ ಹಳ್ಳಿಗಳ ತರುಣ ನಟರನ್ನು ರಂಗದ ಮೇಲೆ ತಂದಿತೆಂಬುದೂ ಸಂತೋಷದ ಸಂಗತಿ.

ಯಾರ ಮಾತು, ಯಾರ ನಗೆ

ಇಷ್ಟಾದರೂ ನಮ್ಮ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದಿದೆ. ಎಷ್ಟೋ ಮಾಲೆಗಳಲ್ಲಿ ಯಜಮಾನನು 'ಶಿಷ್ಟ' ಕನ್ನಡವನ್ನಾಡುತ್ತಾನೆ. ಅವನ ಮನೆಯ ಆಳು, ಕಾವಲುಗಾರ, ಪೆದ್ದ, ಪುಂಡ ಇವರು ಮಾತ್ರ ನಮ್ಮ ಕಡೆಯ ಮಾತನ್ನಾಡುತ್ತಾರೆ. ಅವರು ಹಾಸ್ಯದ ಮಾತನ್ನೇನೂ ಆಡಬೇಕಾಗಿಲ್ಲ. “ಹಂಗ”, “ಯಾಕ”, “ಮಾಡಾಕ ಹತ್ತೀನಿ” ಎಂದರೆ ಸಾಕು, ಪೆಟ್ಟಿಗೆಯೊಳಗಿನಿಂದ ನಗೆಯ ಸದ್ದು ಹೊರಡುತ್ತದೆ. ವಿದೂಷಕನ ಪ್ರಾಕೃತವನ್ನು ಉಳಿಸಿಕೊಂಡು, ಅವನ ಬುದ್ಧಿಯನ್ನು ಮಾತ್ರ ಕಿತ್ತುಕೊಂಡಂತಾಯಿತು.

ಇದರ ಫಲವು ಪರದೆಯಲ್ಲಿಯೇ ಉಳಿಯುವುದಿಲ್ಲ. ನಮ್ಮಲ್ಲಿ ಓದಿದ ಕಂಪ್ಲಿಯ ಕಡೆಯ ಹುಡುಗನೊಬ್ಬನು ವರ್ಷಗಳ ಹಿಂದೆ ಮೇಲಿನ ವಿದ್ಯೆಗಾಗಿ ಬೆಂಗಳೂರಿಗೆ ಹೋದನು. ಚೂಟಿಯಾದ ಹುಡುಗ, ತರಗತಿಯಲ್ಲಿ ಅವನ ಮಾತಿಗೆ ನಾವೇ ಎಷ್ಟೋ ಸಲ ನಗು ತಡೆಯಲಾರದೆ ಬೆನ್ನು ತಿರುಗಿಸಿದ್ದುಂಟು. ಅಲ್ಲಿಯ ಸಹಪಾಠಿಗಳು ಅವನು ಬಾಯಿ ತೆರೆದೊಡನೆ ಒಂದು ಮಾಲೆಯ ಆಳಿನ ಹೆಸರಿನಿಂದ ಅವನನ್ನು ಕರೆಯತೊಡಗಿದರಂತೆ. ಅವನು ಜಗಳವಾಡಲಿಲ್ಲ, ಮಾತನ್ನೇ ಕಡಿಮೆ ಮಾಡಿದನು. ದೀಪಾವಳಿಗೆ ಊರಿಗೆ ಬಂದಾಗ ಅಜ್ಜಿಯೊಡನೆಯೂ ಪುಸ್ತಕದ ಭಾಷೆಯಲ್ಲಿ ಮಾತಾಡಿದನು. ಆ ಮುದುಕಿಯು ಅವನ ಮುಖವನ್ನೇ ನೋಡಿ, “ಯಾಕಪ್ಪಾ, ನೆಂಟರ ಹಂಗ ಮಾತಾಡ್ತಿ?” ಎಂದು ಕೇಳಿದಳು. ಹಾಸ್ಯವೆಂಬುದು ಸಣ್ಣ ವಿಷಯವೆಂದು ತಿಳಿದವರು ಈ ಪ್ರಶ್ನೆಗೆ ಉತ್ತರ ಹೇಳಲಿ.

ಅದೃಷ್ಟವಶಾತ್ ಉತ್ತರವು ನಮ್ಮ ಸೀಮೆಯಿಂದಲೇ ಬಂದಿದೆ. ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಹರಪನಹಳ್ಳಿಯಲ್ಲಿ ೧೯೧೩ರಲ್ಲಿ ಹುಟ್ಟಿದ ರಾಯಸಂ ಭೀಮಸೇನರಾಯರು ‘ಬೀಚಿ’ ಎಂಬ ಹೆಸರಿನಿಂದ ಕನ್ನಡನಾಡನ್ನೆಲ್ಲ ನಗಿಸಿದರು. ಪೋಲೀಸು ಇಲಾಖೆಯಲ್ಲಿ ಗುಮಾಸ್ತರಾಗಿದ್ದ ಅವರನ್ನು ಕನ್ನಡದ ಕಡೆಗೆ ತಿರುಗಿಸಿದುದು ಅ. ನ. ಕೃಷ್ಣರಾಯರ ‘ಸಂಧ್ಯಾರಾಗ’ವೆಂಬುದು ಪ್ರಸಿದ್ಧ ಸಂಗತಿ. ಅವರು ಸೃಷ್ಟಿಸಿದ ತಿಮ್ಮನು ಪೆದ್ದನಂತೆ ಕಂಡು ಬುದ್ಧಿವಂತರ ಬೆವರಿಳಿಸುವವನು, ಅಪ್ಪಟ ವಿದೂಷಕ. ತಮ್ಮ ಆತ್ಮಕಥೆಗೂ ‘ಭಯಾಗ್ರಫಿ’ ಎಂದು ಹೆಸರಿಟ್ಟು, ನಗೆಯ ಮೊದಲ ಗುರಿಯಾಗಿ ತಮ್ಮನ್ನೇ ನಿಲ್ಲಿಸಿಕೊಂಡವರು ಅವರು. ೧೯೮೦ರಲ್ಲಿ ಬೀಚಿಯವರು ತೀರಿಕೊಂಡರು. ಟೆಲಿವಿಷನ್ ಅವರಿಗೆ ಒದಗಲಿಲ್ಲ.

ಒದಗಿದುದು ಅವರನ್ನು ಗುರುವೆಂದು ಭಾವಿಸಿದ ಗಂಗಾವತಿಯ ಶ್ರೀ ಬಿ. ಪ್ರಾಣೇಶರಿಗೆ. ಜನರು ಇವರನ್ನು ಅಭಿನವ ಬೀಚಿಯೆಂದೇ ಕರೆಯುತ್ತಾರೆ. ವೇಷವಿಲ್ಲ, ಬಣ್ಣವಿಲ್ಲ, ಸಂಗಡಿಗನಿಲ್ಲ. ಒಬ್ಬರೇ ಧ್ವನಿವರ್ಧಕದ ಮುಂದೆ ನಿಂತು, ಮದುವೆಮನೆ, ಶಾಲೆ, ಬಸ್ಸು, ನೆಂಟರು, ಇಂಥ ದಿನನಿತ್ಯದ ಸಂಗತಿಗಳನ್ನು ನಮ್ಮ ಕಡೆಯ ಮಾತಿನಲ್ಲಿಯೇ ಹೇಳುತ್ತ ಸಾವಿರಾರು ಜನರನ್ನು ನಗಿಸುತ್ತಾರೆ. ಕಂಪ್ಲಿಯ ಸೇತುವೆಯ ಆಚೆಯ ಆ ಮಾತು ವಾಹಿನಿಗಳ ಮೂಲಕ ಬೆಂಗಳೂರು ಮೈಸೂರುಗಳ ಪಡಸಾಲೆಗಳನ್ನು ಹೊಕ್ಕಿತು. ಸಮುದ್ರದ ಆಚೆಯ ಕನ್ನಡಿಗರೂ ಕರೆಸಿಕೊಂಡು ಕೇಳಿದರು. ಇಲ್ಲಿ ನಡೆದ ಬದಲಾವಣೆಯು ಸಣ್ಣದಲ್ಲ. ಮಾತು ಅದೇ, “ಹಂಗ”, “ಯಾಕ” ಎಂಬುವೂ ಅವೇ. ಆದರೆ ಅವನ್ನು ಆಡುವವನು ಈಗ ನಗೆಗೆ ಈಡಾದವನಲ್ಲ, ನಗಿಸುವವನು. ನಾವು ಹೇಳಿದ ಆ ಹುಡುಗನ ವಸತಿಗೃಹದಲ್ಲಿಯೂ ಪ್ರಾಣೇಶರ ಭಾಷಣಗಳನ್ನು ಹಾಕಿಕೊಂಡು ಕೇಳುವ ಕಾಲ ಬಂದಿತು. ಅರ್ಥವಾಗದ ಮಾತು ಬಂದಾಗಲೆಲ್ಲ ಸಹಪಾಠಿಗಳು ಇವನ ಕಡೆಗೆ ತಿರುಗಿ ಕೇಳುತ್ತಿದ್ದರಂತೆ. ಈಗ ಅವನು ಅಜ್ಜಿಯ ಮಾತನ್ನೇ ಆಡುತ್ತಾನೆ.

ಗೃಹಸ್ಥರಿಗೆ ಎರಡು ಮಾತು

೧೯೫೦ರ ದಶಕದಲ್ಲಿ ಅಮೆರಿಕದ ಚಾರ್ಲಿ ಡಗ್ಲಸ್ ಎಂಬ ಧ್ವನಿತಂತ್ರಜ್ಞನು ನಗೆಯನ್ನು ಮುದ್ರಿಸಿಟ್ಟು, ಕೀಲಿ ಒತ್ತಿದಾಗ ಬೇಕಾದ ಬಗೆಯ ನಗೆ ಹೊರಡುವ ಯಂತ್ರವನ್ನು ಮಾಡಿದನು. ಮುಗುಳ್ನಗೆಗೊಂದು ಕೀಲಿ, ಅಟ್ಟಹಾಸಕ್ಕೊಂದು ಕೀಲಿ! ಅಂದಿನಿಂದ, ಎಲ್ಲಿ ನಗಬೇಕೆಂಬುದನ್ನು ಪೆಟ್ಟಿಗೆಯೇ ನಮಗೆ ಹೇಳಿಕೊಡುತ್ತಿದೆ. ತೊದಲುವವನನ್ನು ಕಂಡು, ದಪ್ಪನೆಯ ಹೆಂಗಸನ್ನು ಕಂಡು, ಕರಿಯ ಮುಖವನ್ನು ಕಂಡು ಅದು ನಗುತ್ತದೆ. ಅದರ ಜೊತೆಗೆ ನಮ್ಮ ಮಕ್ಕಳೂ ನಗುತ್ತಾರೆ. ಅಂಗವೈಕಲ್ಯದಿಂದ ನಗೆ ಹುಟ್ಟುತ್ತದೆಂದು ಭರತನು ಹೇಳಿದ್ದು ನಿಜ. ಲೋಕದಲ್ಲಿರುವುದನ್ನು ಅವನು ಹೇಳಿದನು. ಆದರೆ ನಗೆಗೆ ಉತ್ತಮ, ಮಧ್ಯಮ, ಅಧಮವೆಂಬ ಮೆಟ್ಟಿಲುಗಳನ್ನು ಕಟ್ಟಿದವನೂ ಅವನೇ. ಯಾವ ಮೆಟ್ಟಿಲಲ್ಲಿ ನಿಲ್ಲಬೇಕೆಂಬುದನ್ನು ಯಂತ್ರಕ್ಕೆ ಬಿಡಬಾರದು.

ಇದಕ್ಕಾಗಿ ಪೆಟ್ಟಿಗೆಯನ್ನು ಹೊರಗೆ ಹಾಕಬೇಕಾಗಿಲ್ಲ. ಎರಡು ಕೆಲಸ ಮಾಡಿದರೆ ಸಾಕು. ಮೊದಲನೆಯದು, ವಾರಕ್ಕೊಂದು ದಿನವಾದರೂ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಒಂದು ಹಾಸ್ಯಪ್ರಸಂಗವನ್ನು ನೋಡುವುದು. ಈಗ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಮೊಬೈಲ್. ಒಂದೇ ಮನೆಯಲ್ಲಿ ನಾಲ್ವರು ನಾಲ್ಕು ಮೂಲೆಗಳಲ್ಲಿ ನಾಲ್ಕು ಬೇರೆ ಬೇರೆ ಸಂಗತಿಗಳಿಗೆ ನಗುತ್ತಾರೆ. ಒಬ್ಬನ ನಗೆಯು ಇನ್ನೊಬ್ಬನಿಗೆ ಒಗಟು. ಅದೇ ಮೊಬೈಲಿನಲ್ಲಿ ಹಳೆಯ ಪ್ರಸಂಗಗಳೂ ದೊರೆಯುತ್ತವೆ. ಅಜ್ಜಿ ಮೊಮ್ಮಕ್ಕಳು ಕೂಡಿ ಸ್ವಾಮಿಯ ಆ ರಾತ್ರಿಯನ್ನು ನೋಡಲಿ. ಎರಡನೆಯದು, ಮಗುವು ನಕ್ಕಾಗ, ನಗೆ ಮುಗಿದ ಮೇಲೆ, ಗದರಿಸದೆ ಒಂದು ಪ್ರಶ್ನೆ ಕೇಳುವುದು: “ಅವನು ನಗಿಸಿದನೋ, ಅವನನ್ನು ಕಂಡು ನಕ್ಕೆಯೋ?” ಉತ್ತರವನ್ನು ನಾವು ಹೇಳಿಕೊಡಬೇಕಾಗಿಲ್ಲ. ಪ್ರಶ್ನೆಯನ್ನು ನಾಲ್ಕು ಸಲ ಕೇಳಿಸಿಕೊಂಡ ಮಗುವು ಐದನೆಯ ಸಲ ತಾನಾಗಿಯೇ ಅದನ್ನು ಕೇಳಿಕೊಳ್ಳುತ್ತದೆ.

ಒಂದು ಮನೆಯವರು ಯಾವುದಕ್ಕೆ ಅಳುತ್ತಾರೆಂಬುದನ್ನು ನೋಡಿ ಅವರ ಕಷ್ಟವನ್ನು ತಿಳಿಯಬಹುದು. ಯಾವುದಕ್ಕೆ ನಗುತ್ತಾರೆಂಬುದನ್ನು ನೋಡಿ ಅವರ ಸಂಸ್ಕಾರವನ್ನು ತಿಳಿಯಬಹುದು. ನಮ್ಮ ಮನೆಗಳಲ್ಲಿ ನಗೆ ತುಂಬಿರಲಿ. ಅದು ನಮ್ಮ ಮಾತಿನಲ್ಲಿರಲಿ. ಅದನ್ನು ಕೇಳಿ ನೆರೆಮನೆಯವರೂ ಬಂದು ಚಾಪೆಯ ಮೇಲೆ ಕೂಡುವಂತಿರಲಿ.